ಜನ್ಮಜಾತ ಹೃದಯದೋಷ: ಕುಟುಂಬದ ಆರೋಗ್ಯ ಚರಿತ್ರೆಯನ್ನು ಬರೆದಿಡುವ ಬಗೆ

ಹುಟ್ಟುವ ಪ್ರತಿ 100 ಶಿಶುಗಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ದೋಷವಿರುತ್ತದೆ. ಮನೆತನದಲ್ಲಿ ಅಂಥ ದೋಷ ಕಂಡುಬಂದಿದ್ದರೆ, ಗರ್ಭ ಧರಿಸುವ ಮೊದಲೇ ದಂಪತಿಗಳಿಬ್ಬರ ಕಡೆಯ ಮೂರು ತಲೆಮಾರುಗಳ ವಿವರವನ್ನು ಬರೆದುಕೊಂಡು ತಳಿವಿಜ್ಞಾನ ತಜ್ಞರನ್ನು ಕಾಣುವುದು ಒಳ್ಳೆಯದು.

‘ಹೃದಯದಲ್ಲಿ ತೂತಿತ್ತು’ ಎಂದಷ್ಟೇ ಬರೆದರೆ ಸಾಲದು. ಆ ತೂತು ಮೇಲಿನ ಕೋಣೆಗಳ ನಡುವೆ ಇತ್ತೇ, ಕೆಳಗಿನ ಕೋಣೆಗಳ ನಡುವೆ ಇತ್ತೇ ಎಂಬುದನ್ನು ಹಳೆಯ ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ವರದಿಯಿಂದಲೇ ಗುರುತು ಮಾಡಿಕೊಳ್ಳಿ. ಹೃದಯದೋಷದ ಜೊತೆಗೆ ಸೀಳು ಅಂಗುಳ, ಕಲಿಕೆಯಲ್ಲಿ ಹಿನ್ನಡೆ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ ಇವೂ ಇದ್ದರೆ ತಪ್ಪದೆ ನಮೂದಿಸಿ. ಇವೆಲ್ಲ ಒಟ್ಟಿಗೆ ಕಂಡಾಗ 22ನೇ ವರ್ಣತಂತುವಿನ (ಕ್ರೋಮೋಸೋಮ್) ಸಣ್ಣ ತುಣುಕೊಂದು ಇಲ್ಲವಾಗಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ತಂದೆ ಅಥವಾ ತಾಯಿಯಲ್ಲಿ ಈ ತುಣುಕಿನ ಕೊರತೆಯಿದ್ದರೆ, ಪ್ರತಿ ಗರ್ಭಕ್ಕೂ ಅದು ದಾಟುವ ಸಾಧ್ಯತೆ ಶೇ. 50. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಂತೂ ಸುಮಾರು ಅರ್ಧದಷ್ಟು ಮಂದಿಗೆ ಹೃದಯದೋಷವಿರುತ್ತದೆ.

ಗರ್ಭಪಾತ, ಹಸುಗೂಸುಗಳ ಸಾವು, ರಕ್ತಸಂಬಂಧದಲ್ಲಿ ಆದ ಮದುವೆ ಇವನ್ನೂ ಸೇರಿಸಬೇಕು. ಹಿರಿಯರಿಗೆ ಇದು ನೋವಿನ ವಿಷಯವಾದ್ದರಿಂದ ಮೆಲ್ಲನೆ, ಒಬ್ಬೊಬ್ಬರನ್ನೇ ಕೇಳಿ. ತಾಯಿಯ ಮಧುಮೇಹ ಮತ್ತು ಆಕೆ ಸೇವಿಸುವ ಔಷಧಿಗಳು ತಳಿಗೆ ಸೇರಿದವಲ್ಲವಾದರೂ ಹಾಳೆಯಲ್ಲಿರಲಿ.

ತಳಿ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಗರ್ಭದ 18ರಿಂದ 22ನೇ ವಾರದೊಳಗೆ ಭ್ರೂಣದ ಎಕೋ ಮಾಡಿಸಿಕೊಳ್ಳಿ, ಏಕೆಂದರೆ ಬಹುಪಾಲು ದೋಷಗಳಿಗೆ ಒಂದೇ ಜೀನನ್ನು ಕಾರಣವೆಂದು ತೋರಿಸಲಾಗದು.