ಸುಪ್ರೀಂ ಕೋರ್ಟ್ ತೀರ್ಪನ್ನು ಹಳ್ಳಿಗೆ ಒಯ್ಯುವಾಗ

ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಕಾನೂನು ನೆರವು ಘಟಕವನ್ನೂ ನೋಡಿಕೊಳ್ಳುತ್ತೇನೆ. ಹಳ್ಳಿಯ ಅರಿವು ಶಿಬಿರಗಳಲ್ಲಿ ನಾವು ಸಂವಿಧಾನದ ವಿಧಿಗಳಿಂದ ಶುರು ಮಾಡುವುದಿಲ್ಲ. ಜನರ ಮನೆ, ಹೊಲಕ್ಕೆ ತಟ್ಟುವ ಒಂದು ತೀರ್ಪನ್ನು ಆರಿಸಿಕೊಂಡು ಹೋಗುತ್ತೇವೆ. ಜಾಸ್ತಿ ಸಲ ಅದು ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿನೀತಾ ಶರ್ಮಾ ಪ್ರಕರಣ.

ವಿದ್ಯಾರ್ಥಿಗಳು ಮೊದಲು ಇಡೀ ತೀರ್ಪು ಓದಬೇಕು. ಆಮೇಲೆ ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆಯಬೇಕು: ಯಾರು ಏನು ಕೇಳಿದರು, ಕೋರ್ಟ್ ಏನು ಹೇಳಿತು, ಯಾಕೆ ಹೇಳಿತು. ಈ ‘ಯಾಕೆ’ ಬರೆಯುವಾಗಲೇ ಅವರಿಗೆ ಕಷ್ಟ. ಆದರೆ ಸುಪ್ರೀಂ ಕೋರ್ಟ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಾಗುವುದೂ ಅಲ್ಲೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಮಗಳಿಗೆ ಈ ಹಕ್ಕು ಸಿಗಲು ಆ ದಿನ ಅಪ್ಪ ಬದುಕಿರಬೇಕಿತ್ತಾ? ಪ್ರಕಾಶ್–ಫೂಲವತಿ ಪ್ರಕರಣದಲ್ಲಿ, 2015ರಲ್ಲಿ, ಇಬ್ಬರು ನ್ಯಾಯಮೂರ್ತಿಗಳ ಪೀಠ ಹೌದು ಎಂದಿತು. 2018ರ ದಾನಮ್ಮ ಪ್ರಕರಣದಲ್ಲಿ ಅಪ್ಪ ತೀರಿಕೊಂಡದ್ದು 2001ರಲ್ಲಿ. ಆದರೂ ಇನ್ನೊಂದು ಪೀಠ, ಅದೂ ಇಬ್ಬರದೇ, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸುಗಳು. ಒಂದೇ ಕೋರ್ಟ್, ಎರಡು ಮಾತು. ಆಗ ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಕೂರಬೇಕಾಯಿತು. 2020ರ ಆಗಸ್ಟ್ 11ರಂದು ಅದು ಹೇಳಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಆ ದಿನ ಬದುಕಿರಬೇಕಿಲ್ಲ.

ಇಷ್ಟು ಹೇಳಿದರೆ ಜನ ಕೂಡಲೇ ಹಿಡಿದುಕೊಳ್ಳುತ್ತಾರೆ. ಒಂದು ಶಿಬಿರದಲ್ಲಿ ಹಿಂದೆ ಕೂತಿದ್ದ ಹೆಂಗಸೊಬ್ಬರು ನನ್ನ ವಿದ್ಯಾರ್ಥಿಯನ್ನು ಕೇಳಿದರು: “ನೋಡಪ್ಪಾ, ಅಣ್ಣಂದಿರು ಬಾಯಿಮಾತಲ್ಲೇ ಪಾಲು ಮಾಡ್ಕೊಂಡ್ಬಿಟ್ಟಿದಾರೆ. ನಂಗೆ ಬರುತ್ತಾ?”

ಅವನು “ಬರುತ್ತೆ” ಅಂದುಬಿಡಲಿಲ್ಲ. ನನಗೆ ತುಂಬಾ ಖುಷಿಯಾಯಿತು. “ಅಮ್ಮಾ, ಬಾಯಿಮಾತಿನ ಪಾಲನ್ನು ಕೋರ್ಟ್ ಸುಲಭಕ್ಕೆ ಒಪ್ಪಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲು ಪತ್ರ ಇದ್ರೆ ಅದನ್ನ ಕೆದಕೋಕೆ ಆಗಲ್ಲ. ಪಹಣಿ ಇದೆಯಾ? ಅದರಲ್ಲಿ ಯಾರ ಹೆಸರಿದೆ?” ಎಂದು ಕೇಳಿದ.

ಸುಮ್ನೆ ಆಸೆ ಹುಟ್ಟಿಸಿ ಬರುವುದು ತಪ್ಪು. ಅದಕ್ಕೇ ತೀರ್ಪಿನ ಜೊತೆ ದಾರಿಯನ್ನೂ ಹೇಳುತ್ತೇವೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ಆ ಹೆಂಗಸಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಅರ್ಜಿಯನ್ನು ಅಲ್ಲೇ ಬರೆದುಕೊಟ್ಟೆವು.