ತೆಳು ಗಾಳಿಯಲ್ಲಿ ಸಿಡಿಲಿನ ಲೆಕ್ಕ: ಎತ್ತರದ ಲೈನಿಗೆ ಮಾಡೆಲ್ ಕಟ್ಟಿದ ನನ್ನ ಅನುಭವ

ನಾನು ಕೆಲಸ ಮಾಡಿದ 220 ಕಿಲೋವೋಲ್ಟ್ ಲೈನು 2,800 ಮೀಟರ್ ಎತ್ತರದಲ್ಲಿ ಶುರುವಾಗಿ 4,200 ಮೀಟರ್‌ವರೆಗೆ ಹತ್ತುತ್ತದೆ. ಸಿಡಿಲಿನ ಕಾಲ ಬಂತೆಂದರೆ ಟ್ರಿಪ್ ಆಗುತ್ತಿತ್ತು, ಅಂದರೆ ದೋಷ ಕಂಡು ತಾನಾಗಿಯೇ ಬಂದ್ ಆಗುತ್ತಿತ್ತು, ಅದೂ ಡಿಸೈನ್ ಲೆಕ್ಕಕ್ಕಿಂತ ಜಾಸ್ತಿ. 'ಎತ್ತರದ ಜಾಗ, ಗಾಳಿ ತೆಳು, ಅದಕ್ಕೇ ಹೀಗೆ' ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿ, ಸಿಡಿಲಿಗೆ ಎಷ್ಟು ಟ್ರಿಪ್ ಆಗಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್ ಕಟ್ಟಲು ಕೂತೆ. ಆ ಮಾತು ಅರ್ಧ ನಿಜ. ಉಳಿದರ್ಧ ಹುಡುಕಲು ನನಗೆ ಬಹಳ ದಿನ ಬೇಕಾಯಿತು.

ಸಿಡಿಲು ಲೈನನ್ನು ಕೆಡಿಸುವುದು ಎರಡು ದಾರಿಯಲ್ಲಿ. ಸಿಡಿಲನ್ನು ಹಿಡಿಯಲೆಂದು ಟವರಿನ ತುದಿಯಲ್ಲಿ ಕಟ್ಟಿದ ಅರ್ಥ್ ವೈರನ್ನು ತಪ್ಪಿಸಿ ನೇರ ವಿದ್ಯುತ್ ಒಯ್ಯುವ ಫೇಸ್ ತಂತಿಗೇ ಹೊಡೆದರೆ ಅದು ಶೀಲ್ಡಿಂಗ್ ಫೇಲ್ಯೂರ್. ಟವರಿಗೆ ಹೊಡೆದ ಕರೆಂಟು ನೆಲಕ್ಕೆ ಸಲೀಸಾಗಿ ಇಳಿಯದೆ, ಟವರಿನ ವೋಲ್ಟೇಜ್ ಏರಿ, ಅಲ್ಲಿಂದ ತಂತಿಯ ಕಡೆಗೆ ಕಿಡಿ ಹಾರಿದರೆ ಬ್ಯಾಕ್ ಫ್ಲ್ಯಾಶ್‌ಓವರ್. ತೆಳು ಗಾಳಿ ಎರಡಕ್ಕೂ ದಾರಿ ಮಾಡಿಕೊಡುತ್ತದೆ. ಆದರೆ ಎರಡರ ಮದ್ದು ಬೇರೆ ಬೇರೆ.

ಮೊದಲು ಗಾಳಿಯ ಲೆಕ್ಕ. ಫೇಸ್ ತಂತಿಯನ್ನು ಟವರಿನಿಂದ ಬೇರ್ಪಡಿಸಿ ತೂಗುಹಾಕುವ ನಮ್ಮ ಇನ್ಸುಲೇಟರ್ ಸರದಲ್ಲಿ 17 ಡಿಸ್ಕ್ ಇದ್ದವು, ಉದ್ದ ಸುಮಾರು 2.5 ಮೀಟರ್. ಮೀಟರಿಗೆ 560 ಕಿಲೋವೋಲ್ಟ್ ಎಂದು ಹಿಡಿದರೆ ಸಮುದ್ರ ಮಟ್ಟದಲ್ಲಿ ಅದು ತಡೆಯುವುದು 1,400 ಕಿಲೋವೋಲ್ಟ್. 4,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 101.3ರ ಬದಲು ಸುಮಾರು 61.6 ಕಿಲೋಪಾಸ್ಕಲ್. ಸಿಡಿಲಿನಂಥ ಚುರುಕು ಸರ್ಜ್‌ಗೆ (ಕ್ಷಣದಲ್ಲಿ ಏರಿ ಇಳಿಯುವ ವೋಲ್ಟೇಜಿಗೆ) ತಡೆಯುವ ಶಕ್ತಿ ಹೆಚ್ಚುಕಡಿಮೆ ಗಾಳಿಯ ಸಾಂದ್ರತೆಯ ಅಳತೆಯಲ್ಲೇ ಇಳಿಯುತ್ತದೆ. ಅಂದರೆ 1,400 ಹೋಗಿ 850ರ ಆಸುಪಾಸಿಗೆ ಬರುತ್ತದೆ.

ಶಕ್ತಿ 40 ಪರ್ಸೆಂಟ್ ಇಳಿದರೆ ಟ್ರಿಪ್ ಕೂಡ ಅಷ್ಟೇ ಏರುತ್ತದೆ ಎಂದು ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಸಿಡಿಲಿನ ಕರೆಂಟಿಗೆ ನಾವು ಬಳಸುವ ಐಇಇಇ (ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ) ಸೂತ್ರದಲ್ಲಿ ನಡುಮಟ್ಟ, ಅಂದರೆ ಅರ್ಧದಷ್ಟು ಸಿಡಿಲು ಮೀರುವ ಕರೆಂಟು, 31 ಕಿಲೋಆಂಪಿಯರ್; ದೊಡ್ಡ ಸಿಡಿಲು ಎಷ್ಟು ಬೇಗ ಅಪರೂಪವಾಗುತ್ತದೆ ಎಂದು ಹೇಳುವ ಘಾತ 2.6. ಒಂದು ಟವರು ಕೆಳಗಿನ ಬಯಲಲ್ಲಿ 150 ಕಿಲೋಆಂಪಿಯರ್‌ವರೆಗೆ ತಡೆದರೆ, ಅದನ್ನು ಮೀರುವ ಸಿಡಿಲು ನೂರಕ್ಕೆ 1.6 ಮಾತ್ರ. ಅದೇ ಟವರು ಮೇಲೆ 92ಕ್ಕೇ ಸೋತರೆ, ಅದನ್ನು ಮೀರುವ ಸಿಡಿಲು ನೂರಕ್ಕೆ 5.6. ಮೂರೂವರೆ ಪಟ್ಟು! ಇದು ಅರ್ಥವಾದ ದಿನ ನಾನು ಸಾಂದ್ರತೆಯನ್ನು ದಶಮಾಂಶದ ಎರಡನೇ ಸ್ಥಾನದವರೆಗೆ ಕಾಳಜಿಯಿಂದ ನೋಡಲು ಕಲಿತೆ. (ಈ ಸೂತ್ರದ ಹಿಂದಿನ ಅಳತೆಗಳಲ್ಲಿ ದೊಡ್ಡ ಪಾಲು ಕಾರ್ಲ್ ಬರ್ಗರ್ ಅವರದು. ಸ್ವಿಟ್ಜರ್ಲೆಂಡಿನ ಸಾನ್ ಸಾಲ್ವಟೋರೆ ಬೆಟ್ಟದ ಮೇಲೆ ಅವರು ದಶಕಗಳ ಕಾಲ ಅಳೆದರು. ಆ ಬೆಟ್ಟದ ಎತ್ತರ 900 ಮೀಟರ್ ದಾಟಿ ಸ್ವಲ್ಪ, ಅಷ್ಟೆ. ಹಾಗಾಗಿ ಸಿಡಿಲು ಬಿದ್ದ ಜಾಗ, ಸಮಯ, ಕರೆಂಟು ಗುರುತಿಸುವ ಸಿಡಿಲು ಪತ್ತೆ ಜಾಲದ ಸ್ಥಳೀಯ ದಾಖಲೆ ಸಿಕ್ಕರೆ ಅದನ್ನು ಪಕ್ಕದಲ್ಲಿಟ್ಟು ನೋಡಲೇಬೇಕು.)

ಉಷ್ಣತೆಯ ವಿಷಯದಲ್ಲಿ ಒಂದು ಮಾತು. ವರ್ಷದ ಸರಾಸರಿ ಹಾಕಬೇಡಿ. 4,000 ಮೀಟರಿನಲ್ಲಿ ಸರಾಸರಿ ಮೈನಸ್ 5 ಡಿಗ್ರಿ ಹಾಕಿದರೆ ಸಾಪೇಕ್ಷ ಸಾಂದ್ರತೆ (ಸಮುದ್ರ ಮಟ್ಟದ ಗಾಳಿಗೆ ಹೋಲಿಸಿದ ಸಾಂದ್ರತೆ) 0.66 ದಾಟುತ್ತದೆ. ಸಿಡಿಲು ಬರುವ ಮಧ್ಯಾಹ್ನದ 15 ಡಿಗ್ರಿ ಹಾಕಿದರೆ 0.62. ಮೇಲಿನ ಘಾತದ ಪ್ರಕಾರ ಈ ಚಿಕ್ಕ ವ್ಯತ್ಯಾಸವೇ ಬ್ಯಾಕ್ ಫ್ಲ್ಯಾಶ್‌ಓವರ್ ಲೆಕ್ಕವನ್ನು ಐದರಲ್ಲಿ ಒಂದು ಪಾಲು ಏರಿಸುತ್ತದೆ.

ಮಾಡೆಲ್ಲನ್ನು ಇಎಂಟಿಪಿ ಎಂಬ, ಸರ್ಜ್‌ಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ಕಟ್ಟಿದೆ. ಹೊಡೆತ ಬೀಳುವ ಟವರಿನ ಎರಡೂ ಕಡೆ ಐದೈದು ಸ್ಪ್ಯಾನ್ (ಎರಡು ಟವರುಗಳ ನಡುವಿನ ಅಂತರ), ಆಮೇಲೆ ಅಲೆ ವಾಪಸ್ ಬರದಂತೆ ಉದ್ದ ಲೈನು. ಫ್ಲ್ಯಾಶ್‌ಓವರಿಗೆ ಲೀಡರ್ ಪ್ರೋಗ್ರೆಶನ್ ಮಾಡೆಲ್, ಅಂದರೆ ಕಿಡಿ ಇನ್ಸುಲೇಟರಿನ ಉದ್ದಕ್ಕೂ ಹೇಗೆ ಬೆಳೆಯುತ್ತದೆ ಎಂದು ಹೆಜ್ಜೆ ಹೆಜ್ಜೆಗೆ ಲೆಕ್ಕ ಹಾಕುವುದು. ಫೇಸಿನ 50 ಹರ್ಟ್ಸ್ ವೋಲ್ಟೇಜನ್ನು 30 ಡಿಗ್ರಿಗೊಮ್ಮೆ ಬದಲಿಸಿ ಓಡಿಸಿದೆ. ಇದನ್ನು ಬಿಡಬಾರದು. ಇನ್ಸುಲೇಟರ್ ಶಕ್ತಿ ಎತ್ತರದಲ್ಲಿ ಇಳಿಯುತ್ತದೆ, ಆದರೆ ಫೇಸಿನ 180 ಕಿಲೋವೋಲ್ಟ್ ಪೀಕ್ ಅಷ್ಟೇ ಇರುತ್ತದೆ. ಸಿಡಿಲಿಗೆ ಉಳಿಯುವ ಜಾಗ ಇನ್ನೂ ಕಡಿಮೆ.

ಮೊದಲ ಫಲಿತಾಂಶ ಟ್ರಿಪ್ ದಾಖಲೆಗೆ ಚೆನ್ನಾಗಿ ಹೊಂದಿತು. ತುಂಬಾ ಖುಷಿಯಾಯಿತು. ಎರಡು ವಾರದ ನಂತರ ಇನ್‌ಪುಟ್ ಹಾಳೆ ತಿರುಗಿಸುವಾಗ ಗೊತ್ತಾಯಿತು: ಡಿಸೈನ್ ಕಡತದಿಂದ ನಾನು ತೆಗೆದುಕೊಂಡ ಇನ್ಸುಲೇಟರ್ ಶಕ್ತಿಯ ಅಂಕಿಗೆ ಎತ್ತರದ ತಿದ್ದುಪಡಿ ಆಗಲೇ ಆಗಿತ್ತು. ಅದರ ಮೇಲೆ ನಾನು ಲೀಡರ್ ಮಾಡೆಲ್ಲಿನಲ್ಲಿ ಇನ್ನೊಮ್ಮೆ ಸಾಂದ್ರತೆ ಗುಣಿಸಿದ್ದೆ. ಒಂದೇ ಗಾಳಿಯನ್ನು ಎರಡು ಸಲ ತೆಳುಮಾಡಿದ್ದೆ. ಸರಿಪಡಿಸಿದಾಗ ಮಾಡೆಲ್ ದಾಖಲೆಗಿಂತ ಎಷ್ಟೋ ಕೆಳಗೆ ಬಂತು. ಹೊಂದಾಣಿಕೆ ಬರೀ ಕಾಕತಾಳೀಯ. ಅಂದರೆ ಗಾಳಿಯ ಹೊರತಾಗಿ ಇನ್ನೇನೋ ಇದೆ.

ಆಗ ನೆಲದ ಕಡೆ ನೋಡಿದೆ. ಟವರ್ ಫೂಟಿಂಗ್ ರೆಸಿಸ್ಟೆನ್ಸ್ (ಟವರಿನ ಬುಡದಿಂದ ಕರೆಂಟು ನೆಲಕ್ಕಿಳಿಯಲು ಇರುವ ತಡೆ) ವರದಿಯಲ್ಲಿ ಎಲ್ಲೆಲ್ಲೂ 4, 5, 6 ಓಮ್. ಬಂಡೆಯ ಮೇಲೆ ನಿಂತ ಟವರಿಗೆ 4 ಓಮ್ ಹೇಗೆ? ಮಣ್ಣಿನ ರೆಸಿಸ್ಟಿವಿಟಿ 3,000 ಓಮ್-ಮೀಟರ್ ಇದ್ದರೆ, 5 ಮೀಟರ್ ತ್ರಿಜ್ಯದ ಅರ್ಧಗೋಳದಂಥ ಎಲೆಕ್ಟ್ರೋಡಿಗೂ 95 ಓಮ್ ಬರಬೇಕು. ಕಾಗದದ ಮೇಲೆ ಒಂದು ಸಾಲಿನ ಲೆಕ್ಕ. ಮೊದಲೇ ಮಾಡಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು.

ಅರ್ಥ್ ವೈರ್ ಬಿಚ್ಚದೆ, ಸಾಮಾನ್ಯ ಮೀಟರಿನಲ್ಲಿ ಅಳೆದಿದ್ದರು. ಹಾಗೆ ಅಳೆದರೆ ಅಕ್ಕಪಕ್ಕದ ಟವರುಗಳೆಲ್ಲ ಪ್ಯಾರಲಲ್ ಆಗಿ ಸೇರಿಕೊಳ್ಳುತ್ತವೆ. ಆದರೆ ಸಿಡಿಲಿಗೆ ಆ ಟವರುಗಳು ತಕ್ಷಣ ಕಾಣುವುದಿಲ್ಲ. 350 ಮೀಟರ್ ಸ್ಪ್ಯಾನಿನಲ್ಲಿ ಅಲೆ ಹೋಗಿ ಬರಲು 2.3 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ಇನ್ಸುಲೇಟರಿನ ಹಣೆಬರಹ ಬಹುಪಾಲು ತೀರ್ಮಾನವಾಗಿರುತ್ತದೆ. 25 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಮೀಟರ್ ತರಿಸಿದೆವು. ಆ ಫ್ರೀಕ್ವೆನ್ಸಿಯಲ್ಲಿ ಅರ್ಥ್ ವೈರಿನ ಇಂಡಕ್ಟೆನ್ಸ್ ಪಕ್ಕದ ಟವರುಗಳನ್ನು ಹೆಚ್ಚುಕಡಿಮೆ ದೂರ ಇಡುತ್ತದೆ. ಎತ್ತರದ ಭಾಗದಲ್ಲಿ 40ರಿಂದ 110 ಓಮ್ ಸಿಕ್ಕಿತು.

ಇಲ್ಲಿ ಇನ್ನೊಂದು ಕೊಂಡಿ ಇದೆ. ದೊಡ್ಡ ಕರೆಂಟು ಇಳಿದಾಗ ಎಲೆಕ್ಟ್ರೋಡಿನ ಸುತ್ತ ಮಣ್ಣು ಅಯಾನೀಕರಣಗೊಂಡು ರೆಸಿಸ್ಟೆನ್ಸ್ ಇಳಿಯುತ್ತದೆ. ತೆಳು ಗಾಳಿಯಲ್ಲಿ ಇನ್ಸುಲೇಟರ್ ಚಿಕ್ಕ ಕರೆಂಟಿಗೇ ಸೋಲುವುದರಿಂದ ಈ ಸಹಾಯ ಪೂರ್ತಿ ಸಿಗುವುದಿಲ್ಲ. ಗಾಳಿ, ನೆಲ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೊನೆಗೆ ಗುಣಿಸುವವರು ಇದನ್ನು ಕಳೆದುಕೊಳ್ಳುತ್ತಾರೆ.

ಇದನ್ನೆಲ್ಲ ಮಾಡೆಲ್ಲಿಗೆ ಕೊಟ್ಟರೂ ದಾಖಲೆಯ ಕೆಲವು ಟ್ರಿಪ್‌ಗಳಿಗೆ ಕಾರಣ ಸಿಗದೆ ಉಳಿಯಿತು. ಲೈನನ್ನು ಟ್ರಿಪ್ ಮಾಡಿಸುವ ಸಾಧನವಾದ ರಿಲೇಯ ದಾಖಲೆಯನ್ನು ಸಿಡಿಲು ಪತ್ತೆ ಜಾಲದ ಸಮಯದ ಜೊತೆ ಹೊಂದಿಸಿದೆ. ಇವುಗಳಲ್ಲಿ ಸಿಡಿಲಿನ ಕರೆಂಟು ತೀರಾ ಚಿಕ್ಕದು, ಯಾವಾಗಲೂ ಒಂದೇ ಹೊರ ಫೇಸು, ಅದೂ ಇಳಿಜಾರಿನ ಕಡೆಯದು. ಅಷ್ಟು ಚಿಕ್ಕ ಕರೆಂಟು ಬ್ಯಾಕ್ ಫ್ಲ್ಯಾಶ್‌ಓವರ್ ಮಾಡಲಾರದು. ಇದು ಶೀಲ್ಡಿಂಗ್ ಫೇಲ್ಯೂರ್. ನೆಲ ಸಪಾಟಾಗಿದ್ದರೆ ನಮ್ಮ ಶೀಲ್ಡಿಂಗ್ ಕೋನ (ಅರ್ಥ್ ವೈರು ಫೇಸ್ ತಂತಿಯನ್ನು ಮರೆಮಾಡುವ ಕೋನ) ಸಾಕಿತ್ತು. ಬೆಟ್ಟದ ಮಗ್ಗುಲಲ್ಲಿ 30 ಡಿಗ್ರಿ ಇಳಿಜಾರು ಇದ್ದಾಗ, ಇಳಿಜಾರಿನ ಕಡೆ ನೆಲ ದೂರ ಸರಿದು ತಂತಿ ಬಯಲಾಗುತ್ತದೆ. ಜೊತೆಗೆ ತಂತಿಗೆ ನೇರ ಹೊಡೆದಾಗ ಫ್ಲ್ಯಾಶ್‌ಓವರಿಗೆ ಬೇಕಾದ ಕನಿಷ್ಠ ಕರೆಂಟು, ತಂತಿಯ ಸರ್ಜ್ ಇಂಪೀಡೆನ್ಸ್ (ಓಡುವ ಸರ್ಜ್‌ಗೆ ತಂತಿ ಒಡ್ಡುವ ತಡೆ) 400 ಓಮ್ ಹಿಡಿದರೆ, ಸಮುದ್ರ ಮಟ್ಟದಲ್ಲಿ 7 ಕಿಲೋಆಂಪಿಯರ್. ಇಲ್ಲಿ 4.3. ಕೆಳಗೆ ಸುಮ್ನೆ ಹಾದು ಹೋಗುವ ಸಿಡಿಲು ಇಲ್ಲಿ ಲೈನನ್ನು ಟ್ರಿಪ್ ಮಾಡುತ್ತದೆ. ಹಾಗಾಗಿ ಟವರ್ ಟವರಿಗೂ ಅಡ್ಡ ಇಳಿಜಾರನ್ನು ಎತ್ತರದ ನಕ್ಷೆಯಿಂದ ತೆಗೆದು, ಸಿಡಿಲು ಅರ್ಥ್ ವೈರು, ಫೇಸ್ ತಂತಿ, ನೆಲ ಇವುಗಳಲ್ಲಿ ಯಾವುದಕ್ಕೆ ಹೊಡೆಯುತ್ತದೆ ಎಂದು ಹೇಳುವ ಎಲೆಕ್ಟ್ರೋಜಿಯೊಮೆಟ್ರಿಕ್ ಮಾಡೆಲ್ಲಿಗೆ ಕೊಟ್ಟೆ. ಆಗ ಮಾಡೆಲ್ಲೂ ದಾಖಲೆಯೂ ಹತ್ತಿರ ಬಂದವು. ಈ ಸಲ ಟ್ರಿಪ್‌ಗಳ ಮೊತ್ತ ಮಾತ್ರ ಅಲ್ಲ, ಯಾವ ಟವರು, ಯಾವ ಫೇಸು ಅನ್ನುವುದೂ ಹೊಂದಿತು.

ಪರಿಹಾರವನ್ನು ಟವರ್‌ವಾರು ಹಂಚಿದೆವು. ಎಲ್ಲ ಕಡೆ ಡಿಸ್ಕ್ ಹೆಚ್ಚಿಸೋಣ ಎಂಬ ಸಲಹೆ ಬಂತು, ನಾನು ಒಪ್ಪಲಿಲ್ಲ. ಸರ ಉದ್ದವಾದರೆ ತಂತಿ ತೂಗಿದಾಗ ಟವರಿನ ಕಬ್ಬಿಣಕ್ಕೂ ಅದಕ್ಕೂ ಅಂತರ ಕಮ್ಮಿಯಾಗುತ್ತದೆ, ಕಿಡಿ ಅಲ್ಲಿ ಹಾರುತ್ತದೆ. ರೆಸಿಸ್ಟೆನ್ಸ್ ಜಾಸ್ತಿ ಇದ್ದು ಸ್ವಲ್ಪ ಮಣ್ಣು ಸಿಗುವ ಕಡೆ ಕೌಂಟರ್‌ಪಾಯ್ಸ್ ತಂತಿ, ಅಂದರೆ ಕರೆಂಟನ್ನು ನೆಲದಲ್ಲಿ ಹರಡಲು ಟವರಿನ ಬುಡಕ್ಕೆ ಕಟ್ಟಿದ ತಂತಿ, ಹೂಳಿದೆವು. 120 ಮೀಟರಿನ ಒಂದೇ ತಂತಿ ಅಲ್ಲ, 30 ಮೀಟರಿನ ನಾಲ್ಕು. ಸಿಡಿಲಿಗೆ ಮೊದಲ ಕ್ಷಣದಲ್ಲಿ ಕಾಣುವುದು ತಂತಿಯ ಸರ್ಜ್ ಇಂಪೀಡೆನ್ಸ್. ನಾಲ್ಕು ಪ್ಯಾರಲಲ್ ಆದರೆ ಅದು ಇಳಿಯುತ್ತದೆ, ಅಲೆ ತುದಿಯಿಂದ ಬೇಗ ವಾಪಸ್ಸೂ ಬರುತ್ತದೆ.

ಬರೀ ಬಂಡೆ ಇರುವಲ್ಲಿ ಮೂರೂ ಫೇಸಿಗೆ, ಕಡಿದಾದ ಮಗ್ಗುಲಲ್ಲಿ ಇಳಿಜಾರಿನ ಕಡೆಯ ಫೇಸಿಗೆ ಲೈನ್ ಅರೆಸ್ಟರ್ (ಇನ್ಸುಲೇಟರಿನ ಮೇಲೆ ವೋಲ್ಟೇಜ್ ಮಿತಿ ಮೀರಿದಾಗ ಸರ್ಜ್‌ಗೆ ಬೇರೆ ದಾರಿ ಕೊಡುವ ಸಾಧನ) ಹಾಕಿದೆವು. ಇಲ್ಲೂ ಮಾಡೆಲ್ ಒಂದು ವಿಷಯ ತೋರಿಸಿತು. ಒಂದೇ ಟವರಿಗೆ ಅರೆಸ್ಟರ್ ಹಾಕಿದರೆ ಆ ಟವರು ಉಳಿಯುತ್ತದೆ, ಆದರೆ ಸರ್ಜ್ ಫೇಸ್ ತಂತಿ ಹಿಡಿದು ಪಕ್ಕದ ಟವರಿಗೆ ಹೋಗಿ, ಅಲ್ಲಿ ನೆಲ ಕೆಟ್ಟದಾಗಿದ್ದರೆ, ಅಲ್ಲಿ ಫ್ಲ್ಯಾಶ್‌ಓವರ್ ಆಗುತ್ತದೆ. ಹಾಗಾಗಿ ಅರೆಸ್ಟರುಗಳನ್ನು ಗುಂಪಾಗಿ ಹಾಕಿದೆವು, ಪ್ರತಿ ಗುಂಪಿನ ಎರಡೂ ತುದಿ ಕಡಿಮೆ ರೆಸಿಸ್ಟೆನ್ಸ್ ಇರುವ ಟವರಿಗೆ ಬಂದು ನಿಲ್ಲುವ ಹಾಗೆ.