ಸೆನ್ಸರ್ 52 ತೋರಿಸಿದ ರಾತ್ರಿ

ಮಡಿಕೇರಿಯ ಆಗಸ್ಟ್ ಚಳಿಯಲ್ಲಿ ಬೆರಳು ಚುಚ್ಚಿದರೆ ರಕ್ತ ಸುಲಭವಾಗಿ ಬರುವುದಿಲ್ಲ. ಕಾಲಿನ ಹುಣ್ಣಿಗೆಂದು ನಮ್ಮ ವಾರ್ಡಿಗೆ ದಾಖಲಾಗಿದ್ದ ಅಜ್ಜನಿಗೆ ದಿನಕ್ಕೆ ಆರು ಬಾರಿ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ರಕ್ತದ ಸಕ್ಕರೆ, ನೋಡಬೇಕಿತ್ತು. ಚುಚ್ಚದೆಯೇ ಸಕ್ಕರೆಯ ಅಂಕಿಯನ್ನು ಸದಾ ತೋರಿಸುವ ಸೆನ್ಸರನ್ನು ಮನೆಯವರು ತೋಳಿಗೆ ಹಾಕಿಸಿದಾಗ ಅವರಿಗಿಂತ ನನಗೇ ಹೆಚ್ಚು ಸಮಾಧಾನವಾಯಿತು.

ಎರಡನೆಯ ರಾತ್ರಿ ಮೂರು ಗಂಟೆಗೆ ಸೆನ್ಸರಿನ ಅಲಾರಂ ಬಡಿದುಕೊಂಡಿತು: 52, ಅಂದರೆ ಸಕ್ಕರೆ ತೀರಾ ಕಡಿಮೆ. ಮಗಳು ಆಗಲೇ ಲೋಟದಲ್ಲಿ ಸಕ್ಕರೆ ಕದಡುತ್ತಿದ್ದಳು. ಅಜ್ಜ ಕಂಬಳಿ ಹೊದ್ದು ಎಡಮಗ್ಗುಲಾಗಿ ಮಲಗಿದ್ದರು. ಸೆನ್ಸರ್ ಇದ್ದದ್ದೂ ಎಡತೋಳಿನಲ್ಲೇ. ಬೆವರಿಲ್ಲ, ನಡುಕವಿಲ್ಲ, ಕರೆದೊಡನೆ ಎದ್ದು ಮಾತನಾಡಿದರು. ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದರೆ 118 ಬಂತು. ಸೆನ್ಸರ್ ನೇರವಾಗಿ ರಕ್ತದ ಸಕ್ಕರೆಯನ್ನು ಅಳೆಯುವುದಿಲ್ಲ. ಚರ್ಮದಡಿ ಜೀವಕೋಶಗಳ ನಡುವಿನ ದ್ರವದಲ್ಲಿರುವುದನ್ನು ಅಳೆಯುತ್ತದೆ. ಮೈಭಾರ ತೋಳಿನ ಮೇಲೆ ಬಿದ್ದು ಅಲ್ಲಿ ರಕ್ತಸಂಚಾರ ತಗ್ಗಿದರೆ ಅಂಕಿ ಸುಳ್ಳಾಗಿ ಕುಸಿಯುತ್ತದೆ. ಮಗ್ಗುಲು ಬದಲಿಸಿ ಮಲಗಿಸಿದೆ. ಅರ್ಧ ಗಂಟೆಯೊಳಗೆ ಸೆನ್ಸರಿನ ಅಂಕಿಯೂ ನೂರು ದಾಟಿತು.

ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಆದದ್ದೇ ಬೇರೆ. ಆ ದಿನ ತಿನ್ನುವ ಮದ್ದು ಸೊಪ್ಪಿನ ಪಾಯಸ ಮನೆಯಿಂದ ಬಂತು. ಕಡು ನೇರಳೆ ಬಣ್ಣ, ಧಾರಾಳ ಬೆಲ್ಲ. "ವರ್ಷಕ್ಕೊಂದೇ ದಿನ, ಸಿಸ್ಟರ್" ಎಂದರು ಅಜ್ಜ. ಡಾಕ್ಟರನ್ನು ಕೇಳಿ ಸಣ್ಣ ಬಟ್ಟಲಿಗೆ ಒಪ್ಪಿಸಿದೆ. ತಳವನ್ನು ಬೆರಳಿನಲ್ಲೇ ಬಳಿದು ತಿಂದರು. ನಲವತ್ತು ನಿಮಿಷದ ನಂತರ ಸೆನ್ಸರ್‌ನಲ್ಲಿ 164, ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ ನೆಟ್ಟಗೆ ಮೇಲಕ್ಕೆ. ಬೆರಳು ಚುಚ್ಚಿದೆ, 290! ಆಗ ಬೆರಳಿನ ಅಂಟು ಕೈಗೆ ತಾಗಿತು. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳಿನಿಂದ ನೋಡಿದರೆ 221. ಸಕ್ಕರೆ ಬೇಗ ಏರುವಾಗ ಸೆನ್ಸರ್ ಹಲವು ನಿಮಿಷ ಹಿಂದೆ ಬೀಳುತ್ತದೆ. ತೊಳೆಯದ ಕೈ ಗ್ಲುಕೋಮೀಟರನ್ನೂ ದಾರಿ ತಪ್ಪಿಸುತ್ತದೆ. ಡಾಕ್ಟರಿಗೆ ನಾನು ಹೇಳಿದ್ದು 221ನ್ನು.

ಅಂದಿನಿಂದ ಪುಸ್ತಕದಲ್ಲಿ ಎರಡೂ ಅಂಕಿಗಳನ್ನು ಒಟ್ಟಿಗೆ ಬರೆಯುತ್ತೇನೆ, ಜೊತೆಗೆ ಬಾಣದ ದಿಕ್ಕನ್ನೂ. ಸಕ್ಕರೆ ನೂರಕ್ಕಿಂತ ಕಡಿಮೆಯಿದ್ದರೆ ಎರಡರ ನಡುವೆ 20 ಅಂಕಿಯೊಳಗಿನ, ಹೆಚ್ಚಿದ್ದರೆ ಶೇ. 20ರೊಳಗಿನ ಅಂತರವನ್ನು ಒಪ್ಪುತ್ತೇನೆ. ಅದನ್ನು ಮೀರಿದರೆ ಮತ್ತೆ ಚುಚ್ಚುತ್ತೇನೆ. ಹಾಕಿದ ಮೊದಲ ದಿನ, ತೋಳು ಊದಿಕೊಂಡಾಗ, ಬಿಪಿ ತೀರಾ ಇಳಿದಾಗ ಸೆನ್ಸರನ್ನೇ ನಂಬಿ ಇನ್ಸುಲಿನ್ ಕೊಡುವುದಿಲ್ಲ. ವಿಟಮಿನ್ ಸಿ ಹೆಚ್ಚು ಪ್ರಮಾಣದಲ್ಲಿ ನಡೆಯುತ್ತಿದೆಯೇ ಎಂದೂ ಕೇಳುತ್ತೇನೆ. ಕೆಲವು ಸೆನ್ಸರ್‌ಗಳು ಅದರಿಂದ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಆದರೆ ನಿದ್ದೆಯಲ್ಲಿ ಸಕ್ಕರೆ ಮೆಲ್ಲಗೆ ಇಳಿಯುತ್ತಿರುವುದನ್ನು ಸೆನ್ಸರಿನಷ್ಟು ಬೇಗ ಹೇಳುವ ಸಾಧನ ನನ್ನ ವಾರ್ಡಿನಲ್ಲಿ ಬೇರೆ ಇಲ್ಲ.

ರಾತ್ರಿ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಈಗ ಸೆನ್ಸರ್ ಯಾವ ತೋಳಿನಲ್ಲಿದೆ ಎಂಬುದನ್ನೂ ಹೇಳುತ್ತೇನೆ.